ಹಳೇ ಗೇಮಿನ ಹೊಸ ರೂಪ: ಮಗನಿಗೆ ಯಾವುದನ್ನು ಕೊಡಲಿ?

ಸಾಲಗಾಮೆ ರಸ್ತೆ (ಹಾಸನ)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ನನಗೂ ನನ್ನ ಅಣ್ಣನಿಗೂ ಫೋನಿನಲ್ಲಿ ಜಗಳ ನಡೆಯುತ್ತಿದೆ. ಜಗಳ ಒಂದು ಕಂಪ್ಯೂಟರ್ ಗೇಮಿನ ಬಗ್ಗೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ನಿಮ್ಮ ಅಭಿಪ್ರಾಯ ಹೇಳಿ.

1996ರ ಮಾತು. ನಾನು ಏಳನೇ ಕ್ಲಾಸು, ಅಣ್ಣ ಎಸ್ಸೆಸ್ಸೆಲ್ಸಿ. ನಮ್ಮ ಚಿಕ್ಕಪ್ಪ ಸಾಲಗಾಮೆ ರಸ್ತೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹನ್ನೆರಡು ಟೈಪ್‌ರೈಟರ್, ಮೂಲೆಯಲ್ಲಿ ಒಂದು 486 ಕಂಪ್ಯೂಟರ್. ರಾತ್ರಿ ಎಂಟಕ್ಕೆ ಕೊನೆಯ ಬ್ಯಾಚ್ ಹೋದ ಮೇಲೆ ಒಂದು ಗಂಟೆ ಆ ಕಂಪ್ಯೂಟರ್ ನಮ್ಮದು. ಅಣ್ಣನ ಗೆಳೆಯನೊಬ್ಬ ಬೆಂಗಳೂರಿನಿಂದ ಫ್ಲಾಪಿಗಳಲ್ಲಿ ಒಂದು ಗೇಮ್ ತಂದುಕೊಟ್ಟ. ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’. ರಾನ್ ಗಿಲ್ಬರ್ಟ್ ತಂಡ 1990ರಲ್ಲಿ ಮಾಡಿದ್ದು. ಗೈಬ್ರಷ್ ಅನ್ನುವ ಹುಡುಗ ಕಡಲ್ಗಳ್ಳ ಆಗಬೇಕು ಅಂತ ಒಂದು ದ್ವೀಪಕ್ಕೆ ಬರುತ್ತಾನೆ, ಅಲ್ಲಿಂದ ಕಥೆ.

ಗೇಮ್ ಶುರುವಾಗುವ ಮೊದಲೇ ಒಂದು ಪರೀಕ್ಷೆ ಇತ್ತು. ಪರದೆಯ ಮೇಲೆ ಒಬ್ಬ ಕಡಲ್ಗಳ್ಳನ ಮುಖ ಬರುತ್ತದೆ. ಇವನನ್ನು ಇಂಥ ಊರಿನಲ್ಲಿ ಗಲ್ಲಿಗೆ ಹಾಕಿದ್ದು ಯಾವ ಇಸವಿ ಅಂತ ಕೇಳುತ್ತದೆ. ಅಂಗಡಿಯಲ್ಲಿ ಕೊಂಡವರಿಗೆ ಡಬ್ಬದ ಜೊತೆ ರಟ್ಟಿನ ಚಕ್ರ ಸಿಗುತ್ತಿತ್ತು. ತಿರುಗಿಸಿ ಮೇಲಿನ ಅರ್ಧ ಮುಖಕ್ಕೆ ಕೆಳಗಿನ ಅರ್ಧ ಹೊಂದಿಸಿದರೆ ಸಣ್ಣ ಕಿಂಡಿಯಲ್ಲಿ ಇಸವಿ ಕಾಣುತ್ತಿತ್ತು. ನಮ್ಮದು ನಕಲು ಫ್ಲಾಪಿ, ಚಕ್ರ ಎಲ್ಲಿಂದ ಬರಬೇಕು? ಅಣ್ಣ ಚಕ್ರದ ಜೆರಾಕ್ಸ್ ತರಿಸಿದ. ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿದ. ಬ್ಲೇಡಿನಲ್ಲಿ ಕಿಂಡಿ ಕೊರೆದ. ನಡುವೆ ಅಪ್ಪನ ಶರ್ಟಿನ ಗುಂಡಿ ಇಟ್ಟು ಹೊಲಿದ. ಆ ಚಕ್ರ ತಿರುಗಿಸುವ ಕೆಲಸ ನನ್ನದು. ಅದನ್ನು ಇನ್ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ನಾವಿಬ್ಬರೂ ಕನ್ನಡ ಮೀಡಿಯಂ. ಅಣ್ಣ ಪರದೆಯ ಮೇಲಿನ ಇಂಗ್ಲಿಷನ್ನು ಓದಿ, ಡಿಕ್ಷನರಿ ನೋಡಿ, ಜೋರಾಗಿ ಕನ್ನಡದಲ್ಲಿ ಹೇಳುತ್ತಿದ್ದ. ಆ ಗೇಮಿನಲ್ಲಿ ಕತ್ತಿವರಸೆ ಗೆಲ್ಲುವುದು ಬೈಗುಳದಿಂದ. ಎದುರಾಳಿ ಒಂದು ಬೈದರೆ ಅದಕ್ಕೆ ತಕ್ಕ ಉತ್ತರ ಕೊಡಬೇಕು. ಹಾಲು ಕರೆಯುವವರನ್ನು ಹಂಗಿಸುವ ಒಂದು ಬೈಗುಳ ಇದೆ, ಅದಕ್ಕೆ ಹಸುವಿನ ಉತ್ತರ. ಮನೆಯಲ್ಲಿ ಹಸು ಕಟ್ಟಿದ್ದ ನಮಗೆ ಅದು ಎಷ್ಟು ಹಿಡಿಸಿತ್ತು ಅಂದರೆ, ವರ್ಷಗಟ್ಟಲೆ ಅಣ್ಣ ತಂಗಿ ಅದನ್ನೇ ಹೇಳಿಕೊಂಡು ಕಿತ್ತಾಡಿದ್ದೇವೆ. ಆ ಗೇಮಿನಲ್ಲಿ ದನಿ ಇರಲಿಲ್ಲ. ನನ್ನ ಪಾಲಿಗೆ ಗೈಬ್ರಷ್ ಮಾತಾಡುತ್ತಿದ್ದದ್ದು ಅಣ್ಣನ ದನಿಯಲ್ಲಿ.

ಈಗ ನಾಯಿಗಳ ವಿಷಯಕ್ಕೆ ಬರುತ್ತೇನೆ. ಗವರ್ನರ್ ಮನೆ ಮುಂದೆ ಭಯಂಕರ ನಾಯಿಗಳು. ಒಳಗೆ ಬಿಡುವುದಿಲ್ಲ. ನಾವು ಅಲ್ಲಿ ಹನ್ನೊಂದು ದಿನ ಸಿಕ್ಕಿಕೊಂಡೆವು. ಏನೇನೋ ಮಾಡಿದೆವು, ಆಗಲಿಲ್ಲ. ಭಾನುವಾರ ಗೊರೂರಿಗೆ ಅಜ್ಜಿ ಮನೆಗೆ ಹೋದೆವು. ಹಸುವಿಗೆ ಹುಷಾರಿರಲಿಲ್ಲ. ಅಜ್ಜಿ ಡಾಕ್ಟರು ಕೊಟ್ಟ ಮಾತ್ರೆಯನ್ನು ಬೆಲ್ಲದ ಉಂಡೆಯೊಳಗೆ ಇಟ್ಟು ಬಾಯಿಗೆ ಕೊಟ್ಟರು. ನಾನು ಕೊಟ್ಟಿಗೆಯಲ್ಲೇ ಕೂಗಿದೆ, “ಅಣ್ಣಾ, ಮಾಂಸದ ಒಳಗೆ ಹೂವು!” ಕಾಡಿನಲ್ಲಿ ಕಿತ್ತಿದ್ದ ಹಳದಿ ಹೂವಿನ ದಳ ನಮ್ಮ ಚೀಲದಲ್ಲಿ ಇತ್ತು. ಅಡುಗೆಮನೆಯಿಂದ ಎತ್ತಿಕೊಂಡ ಮಾಂಸವೂ ಇತ್ತು. ಎರಡನ್ನೂ ಸೇರಿಸಬೇಕು ಅಂತ ಹೊಳೆದಿರಲಿಲ್ಲ. ಸೋಮವಾರ ರಾತ್ರಿ ಎಂಟು ಗಂಟೆ ಆಗುವವರೆಗೆ ನನಗೆ ಊಟ ಸೇರಲಿಲ್ಲ. ನಾಯಿಗಳು ನಿದ್ದೆ ಹೋದಾಗ ಅಣ್ಣ ನನ್ನನ್ನು ಎತ್ತಿ ತಿರುಗಿಸಿದ.

ನನ್ನ ಮಗನೂ ಈಗ ಏಳನೇ ಕ್ಲಾಸು. ಅಣ್ಣ ಅವನ ಹುಟ್ಟುಹಬ್ಬಕ್ಕೆ ಇದೇ ಗೇಮಿನ 2009ರ ಸ್ಪೆಷಲ್ ಎಡಿಷನ್ ಕಳಿಸಿದ. ಹೊಸ ಚಿತ್ರ, ಹೊಸ ಸಂಗೀತ, ನಟರ ದನಿ, ಜೊತೆಗೆ ಬೇಕಾದಾಗ ಸುಳಿವು ಕೊಡುವ ಏರ್ಪಾಡು. ಮಗ ನಾಯಿಗಳ ಹತ್ತಿರ ಬಂದ. ಎರಡು ನಿಮಿಷ ನೋಡಿದ. ಸುಳಿವು ಕೇಳಿದ. ಮತ್ತೆ ಕೇಳಿದ. ಮುಂದೆ ಹೋದ. ಎರಡು ಸಂಜೆಯಲ್ಲಿ ಗೇಮ್ ಮುಗಿಯಿತು. “ಚೆನ್ನಾಗಿತ್ತು ಅಮ್ಮ” ಅಂದ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ಖುಷಿಯಾಗಿತ್ತು. ಆದರೂ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹನ್ನೊಂದು ದಿನ ಅವನಿಗೆ ನಾಲ್ಕು ನಿಮಿಷ ಆಯಿತಲ್ಲ ಅಂತ.

ಅಣ್ಣನ ವಾದ ಬೇರೆ. “ಇಲ್ಲದಿದ್ದರೆ ಅವನು ಆಡುತ್ತಲೇ ಇರಲಿಲ್ಲ. ಹಳೇ ಚಿತ್ರ ಬೇಕಿದ್ದರೆ ಎಫ್10 ಒತ್ತು, ಅಲ್ಲೇ ಇದೆ” ಅನ್ನುತ್ತಾನೆ. ಅದು ನಿಜ. ಎಫ್10 ಒತ್ತಿದರೆ ನಿಂತ ಜಾಗದಲ್ಲೇ 1990ರ ಚಿತ್ರ ಬರುತ್ತದೆ. ಇದನ್ನು ಮಾಡಿದವರ ಬಗ್ಗೆ ನನಗೆ ಗೌರವ ಇದೆ. ನನ್ನ ಬೇಸರ ಚಿತ್ರದ ಬಗ್ಗೆ ಅಲ್ಲ, ಸುಳಿವಿನ ಬಗ್ಗೆ.

ಇದರ ಜೊತೆಗೆ ಇನ್ನೊಂದು. ಬೇಸಿಗೆ ರಜದಲ್ಲಿ ಮಗನ ಜೊತೆ ಇಂಡಿಯಾನಾ ಜೋನ್ಸ್ ಸಿನಿಮಾಗಳನ್ನೆಲ್ಲ ನೋಡಿದೆ. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು 2008ರ ಕ್ರಿಸ್ಟಲ್ ಸ್ಕಲ್! ಅಣುಬಾಂಬ್ ಸಿಡಿದಾಗ ಹೀರೋ ಫ್ರಿಜ್ಜಿನೊಳಗೆ ಕೂತು ಬದುಕುತ್ತಾನಲ್ಲ, ಆ ದೃಶ್ಯವನ್ನು ಮೂರು ಸಲ ಹಾಕಿಸಿಕೊಂಡು ನೋಡಿದ. ನಾನು ಆ ಸಿನಿಮಾ ಬಂದಾಗ ಸಿಟ್ಟು ಮಾಡಿಕೊಂಡವಳು. ಅವನ ಮುಖ ನೋಡಿ ಏನೂ ಹೇಳಲಿಲ್ಲ.

ಈಗ ನನ್ನ ಪ್ರಶ್ನೆ. ಹಳೆಯದನ್ನು ಹೊಸದಾಗಿ ಮಾಡುವವರು ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು? ಮಂಕಿ ಐಲ್ಯಾಂಡ್ ಎರಡನೇ ಭಾಗವನ್ನು ಮಗನಿಗೆ ಯಾವ ರೂಪದಲ್ಲಿ ಕೊಡಲಿ? ಅಣ್ಣ ತಪ್ಪೋ ನಾನು ತಪ್ಪೋ, ನೇರವಾಗಿ ಹೇಳಿ.

---

ಕಣದ ಮನೆ (ಚಿಕ್ಕಮಗಳೂರು)

ಮೇಡಂ, ಗೊರೂರಿನ ಹಸುವಿನ ಕಥೆ ನನ್ನ ಹೆಂಡತಿಗೂ ಓದಿ ಹೇಳಿದೆ. ಆದರೆ ನಾನು ನಿಮ್ಮ ಅಣ್ಣನ ಕಡೆ. ಯಾಕೆ ಅಂತ ಹೇಳುತ್ತೇನೆ.

ನನಗೆ ನಿಮ್ಮದೇ ವಯಸ್ಸು. ಕಾಲೇಜಿನಲ್ಲಿ ಇದ್ದಾಗ ‘ಗ್ರಿಮ್ ಫಾಂಡಾಂಗೊ’ ಅನ್ನುವ ಗೇಮ್ ಸಿಕ್ಕಿತ್ತು. 1998ರದು, ಮಂಕಿ ಐಲ್ಯಾಂಡ್ ತಂಡದಲ್ಲೇ ಇದ್ದ ಟಿಮ್ ಶೇಫರ್ ಮಾಡಿದ್ದು. ಸತ್ತವರ ಲೋಕದಲ್ಲಿ ಮ್ಯಾನಿ ಅನ್ನುವವನು ಟ್ರಾವೆಲ್ ಏಜೆಂಟ್. ಸತ್ತು ಬಂದವರಿಗೆ ಮುಂದಿನ ಪ್ರಯಾಣದ ಟಿಕೆಟ್ ಮಾರುತ್ತಾನೆ. ಕಥೆ ನಾಲ್ಕು ವರ್ಷ ನಡೆಯುತ್ತದೆ. ನಾನು ಎರಡನೇ ವರ್ಷದವರೆಗೆ ಬಂದಿದ್ದೆ, ರುಬಕಾವ ಅನ್ನುವ ಬಂದರಿನ ಊರಿಗೆ. ಆಮೇಲೆ ಅಪ್ಪ ತೀರಿಕೊಂಡರು. ಕಾಲೇಜು ಬಿಟ್ಟು ತೋಟ ನೋಡಿಕೊಳ್ಳಲು ಬಂದೆ. ಗೇಮ್ ಅಲ್ಲಿಗೇ ನಿಂತಿತು.

2011ರ ಕುಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ ಯಂತ್ರಕ್ಕೆ ಎಡಗೈ ಸಿಕ್ಕಿತು. ಮೂರು ಬೆರಳು ಹೋದವು. ಆ ಮಳೆಗಾಲ ಮನೆಯಲ್ಲೇ ಕೂತಿದ್ದೆ. ಹಳೇ ಸಿಡಿ ತೆಗೆದು ಗೇಮ್ ಹಾಕಿದೆ. ಆ ಗೇಮಿಗೆ ಮೌಸ್ ಇಲ್ಲ, ಎಲ್ಲವೂ ಕೀಬೋರ್ಡ್. ಮ್ಯಾನಿಯನ್ನು ತಿರುಗಿಸಲು ಒಂದು ಕೀಲಿ, ನಡೆಸಲು ಒಂದು, ಓಡಿಸಲು ಇನ್ನೊಂದನ್ನು ಒತ್ತಿ ಹಿಡಿಯಬೇಕು. ಹತ್ತು ನಿಮಿಷ ಪ್ರಯತ್ನಪಟ್ಟೆ. ಸಿಡಿ ವಾಪಸ್ ಡಬ್ಬಕ್ಕೆ ಹಾಕಿದೆ. ಆ ದಿನ ನನಗೆ ಎಷ್ಟು ಕಷ್ಟ ಆಯಿತು ಅಂತ ಮನೆಯಲ್ಲಿ ಯಾರಿಗೂ ಹೇಳಿಲ್ಲ.

2015ರಲ್ಲಿ ಅದರ ರೀಮಾಸ್ಟರ್, ಅಂದರೆ ಹಳೇ ಗೇಮನ್ನೇ ತಿದ್ದಿ ಹೊಸದು ಮಾಡಿದ ರೂಪ, ಬಂತು. ಅದರಲ್ಲಿ ಮೌಸ್ ಹಾಕಿದ್ದರು. ಕ್ಲಿಕ್ ಮಾಡಿದ ಕಡೆ ಮ್ಯಾನಿ ನಡೆದುಹೋಗುತ್ತಾನೆ. ಸಂಗೀತವನ್ನು ಮೆಲ್ಬರ್ನ್ ಸಿಂಫನಿ ಆರ್ಕೆಸ್ಟ್ರಾದವರಿಂದ ಮತ್ತೆ ನುಡಿಸಿದ್ದರು. ಬಲಗೈ ಒಂದರಲ್ಲೇ ಇಡೀ ಗೇಮ್ ಮುಗಿಸಿದೆ. ಹದಿಮೂರು ವರ್ಷದ ಮೇಲೆ ರುಬಕಾವ ದಾಟಿದೆ. ಕಾಫಿ ಹೂ ಬಿಟ್ಟಿದ್ದ ಸಮಯ, ಕಿಟಕಿಯಿಂದ ಘಮ ಬರುತ್ತಿತ್ತು. ಅಷ್ಟು ಚೆನ್ನಾಗಿ ನೆನಪಿದೆ.

ಹಳೇ ಕೀಬೋರ್ಡ್ ನಡಿಗೆಯೇ ಅಸಲಿ, ಮೌಸ್ ಹಾಕಿ ಸುಲಭ ಮಾಡಿಬಿಟ್ಟರು ಅಂತ ಆಗ ಕೆಲವರು ಬರೆದಿದ್ದರು. ಅದನ್ನು ಓದಿದಾಗ ನನಗೆ ನೋವಾಯಿತು ಮೇಡಂ. ಸುಳಿವು ಬೇಡದವರು ಸುಳಿವು ಕೇಳದೆ ಇರಬಹುದು. ಬೆರಳು ಇಲ್ಲದವನು ಏನು ಮಾಡಬೇಕು? ಬಾಗಿಲು ಅಗಲ ಮಾಡಿದರೆ ಮೊದಲು ಒಳಗೆ ಇದ್ದವರಿಗೆ ಜಾಗ ಕಡಿಮೆ ಆಗುವುದಿಲ್ಲ ಅಲ್ವಾ?

ನಿಮ್ಮ ಮಗನ ಜೊತೆ ಕೂತು, ಸುಳಿವು ಕೇಳುವ ಮೊದಲು ಒಂದು ದಿನ ಕಾಯಬೇಕು ಅಂತ ಇಬ್ಬರೂ ಒಪ್ಪಂದ ಮಾಡಿಕೊಳ್ಳಿ. ಅಷ್ಟು ಸಾಕು.

---

ದ್ವಾರಸಮುದ್ರ (ಹಳೇಬೀಡು)

ಅಕ್ಕ, ನಾನು ಇಲ್ಲಿ ದೇವಸ್ಥಾನ ತೋರಿಸುವ ಕೆಲಸ ಮಾಡುತ್ತೇನೆ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಅನ್ನುವ ನಿಮ್ಮ ಪ್ರಶ್ನೆ ನನಗೆ ದಿನಾ ಎದುರಾಗುತ್ತದೆ.

ಹೊಯ್ಸಳೇಶ್ವರ ಗುಡಿಗೆ ಬಂದವರು ಒಂದನ್ನು ಕೇಳಿಯೇ ಕೇಳುತ್ತಾರೆ. ಇಷ್ಟು ಕೆತ್ತನೆಯ ನಡುವೆ ಅಲ್ಲಲ್ಲಿ ಬೋಳು ಕಲ್ಲು ಯಾಕಿದೆ, ಅಂಥದ್ದೇ ಶಿಲ್ಪ ಕೆತ್ತಿ ಕೂರಿಸಬಾರದಿತ್ತಾ ಅಂತ. ರಿಪೇರಿ ಮಾಡುವಾಗ ಬಿದ್ದುಹೋದ ಜಾಗಕ್ಕೆ ಸಾದಾ ಕಲ್ಲು ಕೂರಿಸುತ್ತಾರೆ. ಗೋಡೆ ನಿಲ್ಲುತ್ತದೆ. ಯಾವುದು ಹಳೆಯದು, ಯಾವುದು ಈಗಿನದು ಅಂತ ನೋಡಿದವರಿಗೆ ತಿಳಿಯುತ್ತದೆ. ಹೊಸ ಕಲ್ಲು ಹಳೆಯದರ ವೇಷ ಹಾಕುವುದಿಲ್ಲ.

ನಿಮ್ಮ ಎಫ್10 ಕೀಲಿ ಅಂಥದ್ದು. ಎರಡೂ ಕಾಣುತ್ತವೆ, ಯಾವುದು ಯಾವುದು ಅಂತಲೂ ತಿಳಿಯುತ್ತದೆ. 2024ರಲ್ಲಿ ಬಂದ ಟೂಂಬ್ ರೈಡರ್ ಒಂದರಿಂದ ಮೂರರ ರೀಮಾಸ್ಟರಿನಲ್ಲೂ ಹೀಗೇ ಮಾಡಿದ್ದಾರೆ. ಆಡುತ್ತಾ ಆಡುತ್ತಾ 1996ರ ಚೌಕ ಚೌಕದ ಗುಹೆಗೆ ಹೋಗಿ ಬರಬಹುದು.

ಆದರೆ ಮಂಕಿ ಐಲ್ಯಾಂಡ್ ಎರಡರ ಸ್ಪೆಷಲ್ ಎಡಿಷನ್, 2010ರದು, ಕೊಡುವ ಮೊದಲು ಒಂದು ತಿಳಿದುಕೊಳ್ಳಿ. 1991ರ ಗೇಮಿನ ಶುರುವಿನಲ್ಲಿ ಹೆಸರುಗಳು ಬರುವಾಗ ಕೋತಿಗಳು ಕುಣಿಯುತ್ತವೆ. ಹೊಸದರಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಸಣ್ಣದು ಅನ್ನಬಹುದು. ಬಾಗಿಲ ಮೇಲಿನ ಲಲಾಟಬಿಂಬವೂ ಅಳತೆಯಲ್ಲಿ ಸಣ್ಣದೇ, ಅದನ್ನು ಕಿತ್ತರೆ ಒಪ್ಪುತ್ತೇವಾ? ಅದೇ ಗೇಮಿನಲ್ಲಿ ಒಳ್ಳೆಯದೂ ಒಂದಿದೆ. ಹಳೇ ಚಿತ್ರ ಇಟ್ಟುಕೊಂಡೇ ಹೊಸ ದನಿ ಕೇಳಬಹುದು. ಮೊದಲ ಭಾಗದಲ್ಲಿ ಹಾಗೆ ಆಗುತ್ತಿರಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು 2022ರಲ್ಲಿ. ಬ್ಲೇಡ್ ರನ್ನರ್ ಗೇಮ್, 1997ರದು. ಅದರ ಮೂಲ ಕೋಡ್ ಕಳೆದುಹೋಗಿತ್ತು. ಸ್ಕಮ್‌ವಿಎಂ ಅನ್ನುವ ಸ್ವಯಂಸೇವಕರ ತಂಡ ವರ್ಷಗಟ್ಟಲೆ ಕೂತು, ಗೇಮನ್ನು ಬಿಚ್ಚಿ ನೋಡಿ, ಈಗಿನ ಕಂಪ್ಯೂಟರಿನಲ್ಲಿ ಓಡುವ ಹಾಗೆ ಮಾಡಿತು. 2019ರಿಂದ ಗಾಗ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅದು ಸಿಗುತ್ತಿತ್ತು. 2022ರಲ್ಲಿ ‘ಎನ್‌ಹ್ಯಾನ್ಸ್ಡ್ ಎಡಿಷನ್’ ಬಂದಾಗ ಹಳೆಯದನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಿದರು. ಹೊಸದರಲ್ಲಿ ಚಿತ್ರ ಮಸುಕು, ತೊಂದರೆ ಜಾಸ್ತಿ. ಜನ ಗಲಾಟೆ ಮಾಡಿದ ಮೇಲೆ ಹಳೆಯದು ವಾಪಸ್ ಬಂತು. ಹೊಸದನ್ನು ಎಷ್ಟು ಬೇಕಾದರೂ ಮಾಡಲಿ ಅಕ್ಕ. ಹಳೆಯದನ್ನು ಅಂಗಡಿಯಿಂದ ಎತ್ತಬಾರದು. ನನ್ನ ಗೆರೆ ಅದು.

---

ಘಾಟಿ ಮಳೆ (ಸಕಲೇಶಪುರ)

ಗೇಮ್ ನನಗೆ ಅಷ್ಟಾಗಿ ಗೊತ್ತಿಲ್ಲ. ಸಿನಿಮಾ ಬಗ್ಗೆ ಹೇಳುತ್ತೇನೆ. ನಮ್ಮ ತಂದೆ ಮೂವತ್ತು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು.

ಕಸ್ತೂರಿ ನಿವಾಸ ನಿಮಗೆಲ್ಲ ಗೊತ್ತು. 1971, ದೊರೈ–ಭಗವಾನ್, ರಾಜಕುಮಾರ್. ಕಪ್ಪು ಬಿಳುಪು. 2014ರಲ್ಲಿ ಅದಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನಾನು ಅಪ್ಪ ಅಮ್ಮ ಇಬ್ಬರನ್ನೂ ಹಾಸನಕ್ಕೆ ಕರೆದುಕೊಂಡು ಬಂದೆ. ಅಪ್ಪ ಅದನ್ನು ಎಷ್ಟು ಸಲ ಓಡಿಸಿದ್ದಾರೋ ಲೆಕ್ಕ ಇಲ್ಲ. ರೀಲು ಎಲ್ಲಿ ಬದಲಾಗುತ್ತದೆ ಅಂತ ಸಂಭಾಷಣೆ ಕೇಳಿಯೇ ಹೇಳುತ್ತಿದ್ದರು. ಅಮ್ಮ ಮಾತ್ರ ದೊಡ್ಡ ಪರದೆಯಲ್ಲಿ ನೋಡಿರಲಿಲ್ಲ. ಅಪ್ಪ ಟಾಕೀಸಿನಲ್ಲಿ ಇದ್ದಾಗ ಅಮ್ಮ ಮನೆಯಲ್ಲಿ ನಮ್ಮನ್ನು ನೋಡಿಕೊಳ್ಳಬೇಕಿತ್ತಲ್ಲ.

ಅಪ್ಪನಿಗೆ ಇಷ್ಟವಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಹೇಳಿದರು, “ಆ ಮನೆ ಬಡವಾಗುತ್ತಾ ಹೋಗೋದು ನೆರಳಲ್ಲಿ ಕಾಣಿಸ್ತಿತ್ತು ಕಣೋ. ಬಣ್ಣದಲ್ಲಿ ಗೋಡೆ ಹೊಸದಾಗೇ ಕಾಣಿಸ್ತು.” ಮೂವತ್ತು ವರ್ಷ ಬೆಳಕಿನ ಹಿಂದೆ ನಿಂತಿದ್ದವರ ಮಾತು ಅದು. ನನಗೆ ಅದು ಹೊಳೆದೇ ಇರಲಿಲ್ಲ. ಅಮ್ಮ ಪಕ್ಕದಲ್ಲಿ ಸುಮ್ನೆ ಕೂತಿದ್ದರು. ಕಣ್ಣು ಕೆಂಪಾಗಿತ್ತು. “ನಂಗೆ ಬಣ್ಣ ಕಾಣ್ಲೇ ಇಲ್ಲ” ಅಂದರು. ಇಬ್ಬರ ಮಾತೂ ನಿಜ. ಬಣ್ಣ ಹಾಕದೆ ಇದ್ದಿದ್ದರೆ ಅಮ್ಮನಿಗೆ ಆ ಸಿನಿಮಾ ದೊಡ್ಡ ಪರದೆಯಲ್ಲಿ ಸಿಗುತ್ತಿರಲಿಲ್ಲ.

ಮುಂದುವರಿದ ಭಾಗಗಳ ಬಗ್ಗೆ ನನಗೆ ಬೇರೆ ಅಭಿಪ್ರಾಯ ಇದೆ. ನಿಮಗೆ ಕ್ರಿಸ್ಟಲ್ ಸ್ಕಲ್ ಬೇಸರ ತಂದಿದೆ. ನನಗೆ ಅದಕ್ಕಿಂತ ಜಾಸ್ತಿ ಬೇಸರ 1984ರ ಟೆಂಪಲ್ ಆಫ್ ಡೂಮ್ ಬಗ್ಗೆ. ಅದು ಎರಡನೆಯದಾಗಿ ಬಂದರೂ ಕಥೆ ಮೊದಲನೆಯದಕ್ಕಿಂತ ಹಿಂದಿನದು, 1935ರಲ್ಲಿ ನಡೆಯುತ್ತದೆ. ಅದರಲ್ಲಿ ನಮ್ಮ ದೇಶದವರಿಗೆ ಊಟಕ್ಕೆ ಕೋತಿ ಮಿದುಳು ಬಡಿಸಿದ್ದಾರೆ. ಭಾರತ ಸರ್ಕಾರ ಇಲ್ಲಿ ಚಿತ್ರೀಕರಣಕ್ಕೆ ಒಪ್ಪಲಿಲ್ಲ, ಶ್ರೀಲಂಕಾದ ಕ್ಯಾಂಡಿ ಹತ್ತಿರ ತೆಗೆದರು. ಸ್ವಲ್ಪ ಕಾಲ ಇಲ್ಲಿ ಬಿಡುಗಡೆಗೂ ತಡೆ ಇತ್ತು. ಆದರೂ ನಾನು ಆ ಸಿನಿಮಾವನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಕಾರಣ ಅದರಲ್ಲಿ ಖಳನಾಗಿ ನಟಿಸಿದ ಅಮರೀಶ್ ಪುರಿ. ಗಿರೀಶ್ ಕಾರ್ನಾಡರ ‘ಕಾಡು’ ಸಿನಿಮಾದಲ್ಲಿ, 1973ರಲ್ಲೇ, ನಮ್ಮ ಕನ್ನಡದ ಗೌಡನಾಗಿ ನಿಂತಿದ್ದ ಮನುಷ್ಯ. ಅಲ್ಲಿ ಆ ಕಣ್ಣು ನೋಡಿ. ಸಿನಿಮಾ ನಮ್ಮನ್ನು ಅವಮಾನ ಮಾಡಿದರೂ ಅವರ ಕೆಲಸ ಕಡಿಮೆ ಆಗಿಲ್ಲ.

ನನ್ನ ತಮ್ಮ ಸ್ಟಾರ್ ವಾರ್ಸ್ ಅಭಿಮಾನಿ. 2017ರ ಲಾಸ್ಟ್ ಜೆಡೈ ನೋಡಿ ಬಂದು ಎರಡು ದಿನ ಮಂಕಾಗಿ ಕೂತಿದ್ದ. ಹುಡುಗನಾಗಿದ್ದಾಗ ಅವನ ದೇವರಾಗಿದ್ದ ಲ್ಯೂಕ್, ಕೈಗೆ ಕೊಟ್ಟ ಕತ್ತಿಯನ್ನು ಹಿಂದಕ್ಕೆ ಎಸೆದುಬಿಡುತ್ತಾನೆ. “ಅವನು ಹಾಗೆ ಮಾಡಲ್ಲ” ಅಂತ ಇವತ್ತಿಗೂ ಹೇಳುತ್ತಾನೆ. ನಾನು ಕೇಳಿದೆ, ನಮ್ಮ ಅಪ್ಪ ರಿಟೈರ್ ಆದ ದಿನ ಟಾಕೀಸಿನ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು ಬಂದರಲ್ಲ, ಅವರು ಹಾಗೆ ಮಾಡುತ್ತಾರೆ ಅಂತ ಅಂದುಕೊಂಡಿದ್ದೆಯಾ? ಅವನು ಉತ್ತರ ಕೊಡಲಿಲ್ಲ.

ನಿಮ್ಮ ಮಗನ ಫ್ರಿಜ್ಜನ್ನು ಅವನಿಗೇ ಬಿಡಿ ಮೇಡಂ. ನೀವು ಏನೂ ಹೇಳದೆ ಇದ್ದದ್ದು ಒಳ್ಳೆಯದಾಯಿತು.

---

ಸಾಲಗಾಮೆ ರಸ್ತೆ (ಹಾಸನ)

ಎಲ್ಲರಿಗೂ ಧನ್ಯವಾದ. ಕಣದ ಮನೆಯವರೇ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಸುಳಿವನ್ನು ನಾನು ಸೋಮಾರಿಗಳಿಗೆ ಮಾಡಿದ್ದು ಅಂತಲೇ ತಿಳಿದಿದ್ದೆ. ಹೊಸ ರೂಪ ಯಾರನ್ನು ಒಳಗೆ ಕರೆದುಕೊಳ್ಳುತ್ತದೆ ಅಂತ ಯೋಚನೆ ಮಾಡಿರಲಿಲ್ಲ. ಆ ಮಾತು ಒಪ್ಪಿದೆ.

ಆದರೆ ಒಂದನ್ನು ಬಿಟ್ಟುಕೊಡಲಾರೆ. ಮೌಸ್ ಬೇರೆ, ಉತ್ತರ ಬೇರೆ. ಮೌಸ್ ನಿಮ್ಮನ್ನು ಒಗಟಿನ ಎದುರಿಗೆ ತಂದು ನಿಲ್ಲಿಸಿತು. ಉತ್ತರ ನನ್ನ ಮಗನನ್ನು ಒಗಟಿನಿಂದ ಆಚೆ ಕಳಿಸಿತು. ಗೇಮಿನ ಒಳಗೆ ಕಳೆದ ಹೊತ್ತಿಗಿಂತ ಹೊರಗೆ ಕಳೆದ ಹೊತ್ತು ನನಗೆ ದೊಡ್ಡದು. ಸ್ಕೂಲಿನ ಲೆಕ್ಕದ ಪೀರಿಯಡ್ಡಿನಲ್ಲಿ, ಮಹಾರಾಜ ಪಾರ್ಕಿನ ಬೆಂಚಿನ ಮೇಲೆ, ಅಜ್ಜಿಯ ಕೊಟ್ಟಿಗೆಯಲ್ಲಿ, ಎಲ್ಲ ಕಡೆ ಆ ನಾಯಿಗಳು ನನ್ನ ಜೊತೆ ಇದ್ದವು.

2022ರ ರಿಟರ್ನ್ ಟು ಮಂಕಿ ಐಲ್ಯಾಂಡ್ ಬಗ್ಗೆಯೂ ಹೇಳಿಬಿಡುತ್ತೇನೆ. ರಾನ್ ಗಿಲ್ಬರ್ಟ್ ಮತ್ತೆ ಬಂದು ಮಾಡಿದ್ದು. ಹೊಸ ಚಿತ್ರಶೈಲಿ ನೋಡಿ ಜನ ಎಷ್ಟು ಕೆಟ್ಟದಾಗಿ ಬೈದರು ಅಂದರೆ, ಅವರು ತಮ್ಮ ಬ್ಲಾಗಿನಲ್ಲಿ ಕಾಮೆಂಟುಗಳನ್ನೇ ಮುಚ್ಚಿದರು. ನಮಗೆ ಇಷ್ಟು ಸಂತೋಷ ಕೊಟ್ಟ ಮನುಷ್ಯನಿಗೆ ಹಾಗೆ ಮಾಡಬಾರದಿತ್ತು. ನನಗೆ ಆ ಗೇಮ್ ಇಷ್ಟ. ಎರಡನೇ ಭಾಗ ಮುಗಿದ ಕಡೆಯಿಂದಲೇ ಅದು ಶುರುವಾಗುತ್ತದೆ. ಮೂವತ್ತೊಂದು ವರ್ಷ ನಾವು ವಾದ ಮಾಡಿದ ಆ ಕೊನೆಯನ್ನು ಅವರು ಮರೆತಿರಲಿಲ್ಲ.

---

ಐದನೇ ಸೆಮ್ (ಹಾಸನ)

ಅಕ್ಕ, ನಾನು ಇಲ್ಲೇ ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಇಷ್ಟು ಜನ ದೊಡ್ಡವರು ಮಾತಾಡುವ ಕಡೆ ನಾನೂ ಒಂದು ಹೇಳಬಹುದಾ?

ಹಳೇ ಗೇಮ್ ಅಂದರೆ ನನಗೆ ರೀಮೇಕಿನಿಂದಲೇ ಗೊತ್ತು. ನನಗೆ ಬಾಗಿಲು ಅದೇ. 2024ರಲ್ಲಿ ‘ರಿವೆನ್’ ಹೊಸದಾಗಿ ಬಂತು. ಮೂಲ 1997ರದು, ಐದು ಸಿಡಿಯಲ್ಲಿ ಬರುತ್ತಿತ್ತಂತೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋದರೆ ಸಿಡಿ ಬದಲಾಯಿಸಬೇಕಿತ್ತಂತೆ. ಆಗ ಅದು ನಿಂತ ಚಿತ್ರಗಳ ಸಾಲು. ಈಗ ನಾವೇ ಎಲ್ಲ ಕಡೆ ನಡೆದು ಓಡಾಡಬಹುದು. ಹಳೆಯದರಲ್ಲಿ ನಿಜವಾದ ನಟರ ವಿಡಿಯೊ ಇತ್ತು, ಹೊಸದರಲ್ಲಿ ಕಂಪ್ಯೂಟರಿನ ಗೊಂಬೆಗಳು. ಅದು ಅಷ್ಟು ಚೆನ್ನಾಗಿಲ್ಲ ಅಂತ ನನಗೂ ಅನ್ನಿಸಿತು. ಆದರೆ ಗೆನ್ ಪಾತ್ರಕ್ಕೆ ಜಾನ್ ಕೆಸ್ಟನ್ ಅವರ 1997ರ ದನಿಯನ್ನೇ ಉಳಿಸಿಕೊಂಡಿದ್ದಾರೆ. ಅವರು 2022ರಲ್ಲಿ ತೀರಿಕೊಂಡರು. ಆ ದನಿ ಬರುವಾಗ ಮೈ ಜುಮ್ ಅನ್ನುತ್ತದೆ.

ನಾನು ಹೇಳಬೇಕಾದದ್ದು ಇದು. ಆ ಗೇಮನ್ನು ಮಾಡಿದವರೇ ಅದರ ಕೆಲವು ಒಗಟುಗಳನ್ನು ಬದಲಾಯಿಸಿದ್ದಾರೆ. ಹಳೇ ಉತ್ತರ ಗೊತ್ತಿದ್ದವರಿಗೂ ನಡೆಯುವುದಿಲ್ಲ. ನಮ್ಮ ಸೋದರಮಾವ 1999ರಲ್ಲಿ ಅದನ್ನು ಮುಗಿಸಿದವರು. ನನ್ನ ಪಕ್ಕ ಕೂತು “ನಂಗೆ ಎಲ್ಲ ಗೊತ್ತು” ಅಂತ ಶುರು ಮಾಡಿದರು. ಅರ್ಧ ಗಂಟೆಗೆ ಅವರೂ ನನ್ನ ಹಾಗೇ ತಲೆ ಕೆರೆದುಕೊಳ್ಳುತ್ತಿದ್ದರು. ಇಪ್ಪತ್ತೈದು ವರ್ಷದ ಮೇಲೆ ಮಾವ ಮತ್ತೆ ಮೊದಲ ಸಲ ಆಡುವವರಾದರು. ನೀವು ಹೇಳುವ ಆ ಹನ್ನೊಂದು ದಿನವನ್ನು ರೀಮೇಕ್ ವಾಪಸ್ ಕೊಡಲೂಬಹುದು ಅಕ್ಕ. ಕೆಡಿಸುವುದೊಂದೇ ಅದರ ಕೆಲಸ ಅಲ್ಲ.

ಇನ್ನೊಂದು, ಸಂಬಂಧ ಇಲ್ಲ ಅನ್ನಿಸಿದರೆ ಕ್ಷಮಿಸಿ. ಪ್ರಿನ್ಸ್ ಆಫ್ ಪರ್ಷಿಯಾ ಸ್ಯಾಂಡ್ಸ್ ಆಫ್ ಟೈಮ್ ರೀಮೇಕನ್ನು 2020ರಲ್ಲಿ ಯೂಬಿಸಾಫ್ಟ್ ಘೋಷಣೆ ಮಾಡಿತ್ತು. ಕೆಲಸ ಪುಣೆ ಮತ್ತು ಮುಂಬಯಿ ಸ್ಟುಡಿಯೊಗಳದ್ದು. ನಾನು ಆಗ ಹೈಸ್ಕೂಲು. ಗೇಮ್ ಮಾಡುವ ಕೆಲಸ ನಮ್ಮ ದೇಶದಲ್ಲೂ ಇದೆ ಅಂತ ನನಗೆ ತಿಳಿದದ್ದೇ ಆ ದಿನ. ಟ್ರೈಲರ್ ನೋಡಿ ಪ್ರಪಂಚದವರೆಲ್ಲ ಮುಖದ ಚಿತ್ರ ಸರಿ ಇಲ್ಲ ಅಂತ ಆಡಿಕೊಂಡರು. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಹಳೆಯದನ್ನು ಕಾಪಾಡಬೇಕು ಅನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಚಿತ್ರ ಬಿಡಿಸಿದವರಲ್ಲಿ ನನ್ನಂಥವರೂ ಇದ್ದಿರಬಹುದು ಅಂತ ಬೈಯುವ ಮೊದಲು ನೆನಪಿಟ್ಟುಕೊಳ್ಳಬೇಕಿತ್ತು. ನಾನು ಈ ಬ್ರಾಂಚ್ ತೆಗೆದುಕೊಂಡದ್ದೇ ಆ ಟ್ರೈಲರಿನಿಂದ.

---

ಕಣದ ಮನೆ (ಚಿಕ್ಕಮಗಳೂರು)

ಐದನೇ ಸೆಮ್, ಚೆನ್ನಾಗಿ ಬರೆದಿದ್ದೀಯಮ್ಮ. ಓದು ಮುಗಿಸಿ ಒಂದು ಗೇಮ್ ಮಾಡು, ಒಂದೇ ಕೈಯಲ್ಲಿ ಆಡುವ ಹಾಗೆ ಇರಲಿ. ಮೊದಲ ಪ್ರತಿ ನನ್ನದು.

ಮೇಡಂ, ಆ ಗುಂಡಿ ಹೊಲಿದ ಚಕ್ರ ಇನ್ನೂ ಇದೆಯಾ?

---

ಸಾಲಗಾಮೆ ರಸ್ತೆ (ಹಾಸನ)

ಇದೆ! ನೀವು ಕೇಳಿದ ಮೇಲೆ ಅಮ್ಮನ ಟ್ರಂಕಿನಲ್ಲಿ ಹುಡುಕಿದೆ. ರೇಷ್ಮೆ ಸೀರೆಗಳ ಕೆಳಗೆ, ನಮ್ಮ ಮಾರ್ಕ್ಸ್ ಕಾರ್ಡುಗಳ ಜೊತೆ ಇತ್ತು. ದಾರ ಸಡಿಲ ಆಗಿದೆ, ಗುಂಡಿ ಹಾಗೇ ಇದೆ. ಮುಖಗಳು ಮಸುಕಾದರೂ ಹೊಂದಿಸಿದರೆ ಕಾಣುತ್ತವೆ. ಹಿಂದೆ ಲಗ್ನಪತ್ರಿಕೆಯ ಗಣಪತಿಯ ಅರ್ಧ ಸೊಂಡಿಲು ಇದೆ. ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಹತ್ತು ನಿಮಿಷ ಉತ್ತರ ಬರಲಿಲ್ಲ. ಆಮೇಲೆ ಫೋನ್ ಮಾಡಿ ಹಸುವಿನ ಬೈಗುಳ ಬೈದ.

ಮಗನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. “ಇದಕ್ಕೆ ಗೇಮ್ ಎಲ್ಲಿದೆ?” ಅಂದ. ಕಂಪ್ಯೂಟರಿನಲ್ಲಿ ಎಫ್10 ಒತ್ತಿ ತೋರಿಸಿದೆ. ಹೊಸದರಲ್ಲಿ ಚಕ್ರದ ಪರೀಕ್ಷೆ ಇಲ್ಲ, ಆದರೂ ಚಕ್ರವನ್ನು ಪಕ್ಕದಲ್ಲೇ ಇಟ್ಟುಕೊಂಡು ಹಳೇ ಚಿತ್ರದಲ್ಲಿ ಊರೆಲ್ಲ ಸುತ್ತಿದ. ನಾನು ಓದಿ ಕನ್ನಡದಲ್ಲಿ ಹೇಳಿದೆ. ಅಣ್ಣನಷ್ಟು ಚೆನ್ನಾಗಿ ಬರಲಿಲ್ಲ. ಎರಡನೇ ಭಾಗವನ್ನು ಹಳೇ ಚಿತ್ರ, ಹೊಸ ದನಿ ಇಟ್ಟು ಕೊಡುತ್ತೇನೆ. ಕುಣಿಯುವ ಕೋತಿಗಳನ್ನು ಮೊದಲು ವಿಡಿಯೊದಲ್ಲಿ ತೋರಿಸಿ ಶುರು ಮಾಡುತ್ತೇನೆ, ದ್ವಾರಸಮುದ್ರ ಅವರೇ.

ಅದಕ್ಕೆ ಮೊದಲು ಇನ್ನೊಂದು ಆಗಿದೆ. ಐದನೇ ಸೆಮ್ ಹುಡುಗಿಯ ಮಾತು ಕೇಳಿ ರಿವೆನ್ ತೆಗೆದುಕೊಂಡೆವು. ನಾನೂ ಆಡಿಲ್ಲ, ಅಣ್ಣನೂ ಆಡಿಲ್ಲ, ಮಗನೂ ಆಡಿಲ್ಲ. ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಮಗ ಗುರುತುಗಳನ್ನು ಬಿಡಿಸುತ್ತಾನೆ, ನಾನು ದಿನಾಂಕ ಹಾಕುತ್ತೇನೆ. ರಾತ್ರಿ ಎಂಟಕ್ಕೆ ಅಣ್ಣ ಬೆಂಗಳೂರಿನಿಂದ ವಿಡಿಯೊ ಕಾಲಿನಲ್ಲಿ ಬರುತ್ತಾನೆ. ಒಂದು ಗಂಟೆ ಮಾತ್ರ.

ಮೊದಲ ದ್ವೀಪದಲ್ಲೇ ಸಿಕ್ಕಿಕೊಂಡಿದ್ದೇವೆ. ಇವತ್ತಿಗೆ ಆರನೇ ದಿನ. ನಿನ್ನೆ ಮಗ ಊಟ ಮಾಡುತ್ತಾ ಇದ್ದಕ್ಕಿದ್ದ ಹಾಗೆ ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಾ ಕೂತ. ನಾನು ಮಾತಾಡಿಸಲಿಲ್ಲ.

ದಯವಿಟ್ಟು ಯಾರೂ ಉತ್ತರ ಹೇಳಬೇಡಿ.